ಮುಹೂರ್ತದ ಅಂದಾಜು

ಸಾಹೇಬರು ಕೈ ಮುಗಿದರು, ಕಂಪ್ಯೂಟರ್ ಓಡಿತು. ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಂದಿಗೂ ಹೇಳುವ ಕತೆ ಇದು. ಕೈ ಮುಗಿದದ್ದು ನಿಜ, ಓಡಿದ್ದೂ ನಿಜ. ಆದರೆ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದರೆ ನಾನು ಒಪ್ಪಲಾರೆ.

೧೯೮೮ರ ಮಾತು. ಯಶವಂತಪುರದ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ನಾನು ಹೊಸಬ. ಒಂದು ಮಧ್ಯಾಹ್ನ ಜೊತೆಗಾರ ರಹಮತ್‌ಗೆ ಆರ್.ಟಿ. ನಗರದ ನರ್ಸಿಂಗ್ ಹೋಮಿನಿಂದ ಫೋನ್ ಬಂತು. ಹೆರಿಗೆಯಾದ ಹೆಂಡತಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಓ ನೆಗೆಟಿವ್ ರಕ್ತ ತಕ್ಷಣ ಬೇಕು. ಯಂತ್ರಗಳ ಸದ್ದಿನಲ್ಲಿ ಮೈಕಿನ ಕೂಗು ಯಾರಿಗೂ ಕೇಳದು. ನೌಕರರ ರಕ್ತದ ಗುಂಪು, ಹಾಜರಿ ಎರಡೂ ಕಂಪ್ಯೂಟರಿನಲ್ಲಿದ್ದವು. ಆ ಗುಂಪಿನವರಲ್ಲಿ ಇಂದು ಕೆಲಸಕ್ಕೆ ಬಂದವರು ಯಾರು ಎಂದು, ಪಟ್ಟಿಗಳಲ್ಲಿ ಹುಡುಕಿಸುವ ಎಸ್‌ಕ್ಯುಎಲ್ ಭಾಷೆಯಲ್ಲಿ ಪ್ರಶ್ನೆ ಬರೆದು ಕೊಟ್ಟೆ. ಪರದೆ ಸುಮ್ಮನೆ ಮಿನುಗುತ್ತಿತ್ತು.

"ಏನ್ ಗುರು, ನಿದ್ದೆ ಮಾಡ್ತಾ ಇದೆಯಾ ಇದು?" ರಹಮತ್ ಪರದೆಯನ್ನು ಬೆರಳಿನಿಂದ ಕುಟ್ಟಿದ.

ಉತ್ತರ ಹುಡುಕುವ ದಾರಿಯನ್ನು ಯಂತ್ರವೇ ಆರಿಸಿಕೊಳ್ಳುತ್ತದೆ. ಯಾವ ದಾರಿ ಹಿಡಿದಿದ್ದೀಯ, ತೋರಿಸು ಎಂದು ಅದನ್ನೇ ಕೇಳಿದೆ. ಹಾಜರಿಯ ಒಂದೊಂದು ಸಾಲಿಗೂ ನೌಕರರ ಪಟ್ಟಿಯನ್ನೆಲ್ಲ ಮೊದಲಿನಿಂದ ಓದುತ್ತಿತ್ತು! ನೇರವಾಗಿ ಹೆಸರಿಗೆ ಹೋಗಲು, ಪುಸ್ತಕದ ಕೊನೆಯ ಸೂಚಿಯಂತೆ, ಇಂಡೆಕ್ಸ್ ಕಟ್ಟಿದ್ದೆವು. ಅದನ್ನು ಮುಟ್ಟಿಯೇ ಇಲ್ಲ. ಯಂತ್ರದ ಪ್ರಕಾರ ಎರಡೂ ಪಟ್ಟಿಗಳಲ್ಲಿ ಐದೈದೇ ಸಾಲು. ಐದು ಸಾಲಿಗೆ ಇಂಡೆಕ್ಸ್ ಯಾಕೆ?

ಐದು ಬಂದದ್ದು ಹೀಗೆ. ಉದ್ಘಾಟನೆಯ ದಿನ ಐವರು ಅಧಿಕಾರಿಗಳ ಹೆಸರು, ಹಾಜರಿ ತುಂಬಿ, ಯಂತ್ರಕ್ಕೆ ಕುಂಕುಮ ಹಚ್ಚಿ, ಮುಹೂರ್ತಕ್ಕೆ ಸರಿಯಾಗಿ ಯಾವ ಪಟ್ಟಿಯಲ್ಲಿ ಎಷ್ಟು ಸಾಲು ಎಂಬ ಅಂದಾಜು ತೆಗೆಸಿದ್ದರು. ದಾರಿ ಆರಿಸಲು ಯಂತ್ರ ನೋಡುವುದು ಆ ಅಂದಾಜನ್ನೇ. ಆಮೇಲೆ ಸಾವಿರಾರು ಸಾಲು ಸೇರಿದರೂ ಅಂದಾಜು ಮತ್ತೆ ತೆಗೆದಿರಲಿಲ್ಲ. ತೆಗೆಯಲು ಬೇಕಾದ ಪಾಸ್‌ವರ್ಡ್ ನಮ್ಮ ಮ್ಯಾನೇಜರ್ ಮೂರ್ತಿ ಸಾಹೇಬರ ಬಳಿ ಮಾತ್ರ ಇತ್ತು.

"ಒಳ್ಳೇ ಮುಹೂರ್ತದಲ್ಲಿ ಮಾಡಿದ್ದು ಕಣ್ರೀ. ಕೈ ಹಾಕ್ಬೇಡಿ, ಏನಾದ್ರೂ ಆದ್ರೆ?" ಎಂದರು ಸಾಹೇಬರು.

"ಆಗ್ಲೇ ಆಗ್ತಾ ಇದೆಯಲ್ಲ ಸಾರ್! ಮದುವೆ ದಿನ ನೀವಿಬ್ರೇ ಇದ್ರಿ ಅಂತ, ಮಕ್ಕಳಾದ ಮೇಲೂ ಇಬ್ರಿಗೇ ಅನ್ನ ಮಾಡಿಸ್ತೀರಾ?" ಎಂದೆ ನಾನು.

"ವಾದ ಆಮೇಲೆ ಮಾಡು ಮಗಾ," ಎಂದ ರಹಮತ್. "ಸಾರ್, ನಿಮ್ ಕಾಲಿಗೆ ಬೀಳ್ತೀನಿ."

ಸಾಹೇಬರು ಪಾಸ್‌ವರ್ಡ್ ಒತ್ತಿದರು, ಯಂತ್ರಕ್ಕೆ ಕೈ ಮುಗಿದರು. ನಾನು ಹೊಸ ಅಂದಾಜು ತೆಗೆಸಿ ಅದೇ ಪ್ರಶ್ನೆಯನ್ನು ಮತ್ತೆ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಹೆಸರು! ಇಬ್ಬರೂ ಲೇತ್ ವಿಭಾಗದವರು. ಎಣ್ಣೆ ಕೈಗಳಲ್ಲೇ ರಹಮತ್ ಜೊತೆ ಜೀಪು ಹತ್ತಿದರು.

ಸಂಜೆ ರಹಮತ್‌ನ ಫೋನ್ ಬಂತು. "ರಕ್ತ ನಿಂತಿದೆ ಕಣೋ. ತಾಯಿ ಮಗು ಇಬ್ರೂ ಚೆನ್ನಾಗಿದಾರೆ. ಹೆಣ್ಮಗು." ಅಂದು ಎದೆ ಹಗುರಾದಂತೆ ಕಾಲೇಜಿನಲ್ಲಿ ಯಾವ ಚರ್ಚಾ ಸ್ಪರ್ಧೆ ಗೆದ್ದಾಗಲೂ ಆಗಿರಲಿಲ್ಲ.

ಮಗುವಿಗೆ ಹೆಸರಿಟ್ಟ ದಿನ ರಹಮತ್‌ನ ಮನೆಯಲ್ಲಿ ಮೂರ್ತಿ ಸಾಹೇಬರು ಎಲ್ಲರಿಗೂ ಹೇಳುತ್ತಿದ್ದರು: "ಒಂದು ಕೈ ಮುಗಿದೆ ನೋಡಿ, ಓಡ್ತು!" ನನ್ನ ತೊಡೆಯ ಮೇಲೆ ಮಗು ನಿದ್ದೆ ಹೋಗಿತ್ತು. ಮೆಲ್ಲಗೆ ಕೇಳಿದೆ:

"ಸಾರ್, ಮುಹೂರ್ತಕ್ಕೆ ಹಾಕಿದ ಹೂವಿನ ಹಾರಾನ ಬಾಡ್ತು ಅಂತ ಮಾರನೇ ದಿನವೇ ತೆಗೆಸಿದ್ರಿ. ಅಂದಾಜು ಮಾತ್ರ ಬಾಡಲ್ಲ ಅಂತ ನಿಮಗೆ ಹೇಳಿದ್ಯಾರು?"