ಎನಿಡ್ ಎತ್ತಿಕೊಡದ ಮಾತು

ಬ್ರಾಡ್‌ಫರ್ಡಿನ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದವರ ಮಗಳು ಎನಿಡ್ ಬಾರ್ಲೋ. ನಾಟಕದ ವೇಳೆ ಪರದೆಯ ಮರೆಯ ಮೂಲೆಯಲ್ಲಿ ಕುಳಿತು, ನಟರು ಮಾತು ಮರೆತರೆ ಮೆಲ್ಲಗೆ ಎತ್ತಿಕೊಡುವುದೇ ಅವಳ ಕೆಲಸ. ನಟಿ ಹೆಸ್ಟರ್ ಪೆನ್‌ರೋಸ್ ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಚಿಲ್ಲರೆ ಪಾತ್ರ ಮಾಡುತ್ತಿದ್ದಾಗಿನಿಂದಲೂ ಎನಿಡ್ ಅವಳ ಜೊತೆಗಿದ್ದಳು.

ಲಂಡನ್ನಿನಲ್ಲಿ ಹೆಸ್ಟರ್‌ಗೆ ಮೊದಲ ದೊಡ್ಡ ಪಾತ್ರ ಸಿಕ್ಕಿತು. ಮೊದಲ ಪ್ರದರ್ಶನದಲ್ಲಿ, ಸತ್ತನೆಂದುಕೊಂಡಿದ್ದ ಮಗ ಬಾಗಿಲಲ್ಲಿ ಬಂದು ನಿಂತಾಗ ತಾಯಿಯ ಪಾತ್ರದ ಹೆಸ್ಟರ್ ಮಾತೇ ಆಡಲಿಲ್ಲ. ತಾಲೀಮಿನಲ್ಲಿ ಇಲ್ಲದ ಮೌನ. ಗಾಬರಿಯಾದ ಎನಿಡ್ ಮಾತು ಎತ್ತಿಕೊಟ್ಟಳು. ಮುಂದಿನ ಸಾಲಿನವರಿಗೂ ಅದು ಕೇಳಿಸಿ, ಕಿಸಕ್ಕನೆ ನಗೆ ಎದ್ದಿತು.

"ಮರ್ತಿರ್ಲಿಲ್ಲ ಕಣೇ," ಎಂದಳು ಹೆಸ್ಟರ್, ಮುಖದ ಬಣ್ಣ ಒರೆಸಿಕೊಳ್ಳುತ್ತ. "ಆ ಸುಮ್ನಿರೋದಿದ್ಯಲ್ಲ, ಅದೇ ನನ್ನ ಮಾತು."

ಬೈದಿದ್ದರೆ ಎನಿಡ್‌ಗೆ ಎಷ್ಟೋ ಹಗುರವಾಗುತ್ತಿತ್ತು. ರಂಗದ ಮೇಲ್ವಿಚಾರಕ ಸಿರಿಲ್ ಬೇರೆ, "ಚಹಾ ಬೇಕಾ ಅಂತ ನಾನು ಕೇಳೋಕ್ ಮುಂಚೆ ನೀನೇ ಹೇಳ್ಬಿಡ್ಬೇಡ, ತಾಯಿ!" ಎಂದು ತಿಂಗಳುಗಟ್ಟಲೆ ಕಿಚಾಯಿಸಿದ.

ಅದೇ ಮೌನ ಹೆಸ್ಟರ್‌ಗೆ ಹೆಸರು ತಂದಿತು. ಸಿನಿಮಾದವರು ಹುಡುಕಿಕೊಂಡು ಬಂದರು. ರಂಗದ ಮೇಲೆ ಅವಳು ಸುಮ್ಮನಾದಾಗಲೆಲ್ಲ ಎನಿಡ್ ತುಟಿ ಕಚ್ಚಿ ಕೂರುವುದನ್ನು ಕಲಿತಳು.

ಕೂದಲು ನರೆತ ಮೇಲೆ ಹೆಸ್ಟರ್ ಸಿನಿಮಾ ಬಿಟ್ಟು ನಾಟಕಕ್ಕೆ ಮರಳಿದಳು. "ಮೂಲೇಲಿ ಎನಿಡ್ ಇದ್ರೆ ಮಾತ್ರ," ಎಂದು ಹಟ ಹಿಡಿದಳು.

ಮೊದಲ ದಿನ, ಅಳಿಯನಿಗೆ ಚಹಾ ಬಗ್ಗಿಸುವ ದೃಶ್ಯದಲ್ಲಿ ಹೆಸ್ಟರಳ ಮಾತು ಅರ್ಧಕ್ಕೆ ನಿಂತಿತು. ಕೈಯಲ್ಲಿದ್ದ ಚಹಾಪಾತ್ರೆ ಬಟ್ಟಲಿನ ಮೇಲೆ ಹಾಗೇ ನಿಂತಿತು. ಅವಳ ಕಣ್ಣು ಮೂಲೆಯತ್ತ ಹೊರಳಿತು. ಬೇಕೆಂದೇ ಸುಮ್ಮನಾದಾಗ ಆ ಕಣ್ಣು ಎಂದೂ ಇತ್ತ ಬಂದದ್ದಿಲ್ಲ. ಈ ಸಲ ನಿಜಕ್ಕೂ ಮರೆತಿದ್ದಾಳೆಂದು ಎನಿಡ್‌ಗೆ ಗೊತ್ತಾಯಿತು. ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಕಿಸಕ್ಕೆಂದ ಆ ಹಳೆಯ ನಗೆ ಕಿವಿಯಲ್ಲಿ ಮೊಳಗಿ, ಬಾಯಿ ಕಟ್ಟಿಹಾಕಿತು. ಅಳಿಯನ ಪಾತ್ರದವನೇ ಹೆಸ್ಟರ್ ಆಡಬೇಕಿದ್ದ ಮಾತನ್ನು ಪ್ರಶ್ನೆಯಂತೆ ಕೇಳಿ, ದೃಶ್ಯ ದಾಟಿಸಿದ.

"ಎಂಥಾ ಮೌನ ಮೇಡಂ! ಮೈ ಜುಂ ಅಂತು," ಎಂದ, ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಬಂದ ಸಿರಿಲ್.

ಅವನು ಹೋದ ಮೇಲೆ ಹೆಸ್ಟರ್ ಕನ್ನಡಿಯಿಂದ ಮುಖ ತಿರುಗಿಸದೆ ಹೇಳಿದಳು: "ನಾನು ನಿನ್ನ ಕಡೆ ನೋಡ್ದೆ, ಎನಿಡ್."

"ಬೇಕಂತ್ಲೇ ನಿಲ್ಸಿದ್ರೇನೋ ಅಂದ್ಕೊಂಡೆ, ಮೇಡಂ."

ಹೇಳುವಾಗಲೇ ಎನಿಡಳ ಕಿವಿ ಬಿಸಿಯಾಯಿತು.

"ಹೌದಾ," ಎಂದಳು ಹೆಸ್ಟರ್, ಅಷ್ಟೇ.

ಮರುದಿನವೂ ಅದೇ ಚಹಾಪಾತ್ರೆ, ಅದೇ ಮಾತು, ಅಲ್ಲೇ ನಿಂತಿತು. ಎನಿಡ್ ಗಟ್ಟಿಯಾಗಿಯೇ ಎತ್ತಿಕೊಟ್ಟಳು. ಯಾರೋ ನಕ್ಕರು. ಹೆಸ್ಟರ್ ಆ ಮಾತು ಹಿಡಿದು ಚಹಾ ಬಗ್ಗಿಸಿದಳು. ಎನಿಡ್ ನಾಟಕದ ಪುಸ್ತಕದಿಂದ ತಲೆ ಎತ್ತಲಿಲ್ಲ. ನಿನ್ನೆಯ ಸುಳ್ಳನ್ನು ಇನ್ನೂ ಒಪ್ಪಿಕೊಂಡಿರಲಿಲ್ಲ. ಮುಂದಿನ ಮಾತಿನ ಮೇಲೆ ಬೆರಳಿಟ್ಟುಕೊಂಡು ಕಾದಳು.