ಹುಳು ಸಾಕಿದ ಹೊಲ

ಗಜಾಲಾಳ ಹೆಸರೆತ್ತಿದರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು. ಅವಳ ಮೇಲಲ್ಲ, ಅವಳ ಹೊಲಕ್ಕೆ ವಿಷ ಹೊಡೆಸಿದ ಆ ಮಹಾನುಭಾವನ ಮೇಲೆ.

ನಾವಿಬ್ಬರೂ ಹೆಬ್ಬಾಳದ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ಅಕ್ಕಪಕ್ಕದ ಮೇಜಿನವರು. ಅವಳ ತಂದೆ ಹಬೀಬುಲ್ಲಾ ಆರ್.ಟಿ. ನಗರದಲ್ಲಿ ಹತ್ತಿಯ ಹಾಸಿಗೆ ಮಾಡುವವರು. “ಅಪ್ಪ ಹತ್ತಿ ಹಿಂಜ್ತಾರೆ, ಮಗಳು ಹತ್ತಿಯ ವಂಶಾನೇ ಹಿಂಜ್ತಾಳೆ” ಎಂದು ನಾನು ರೇಗಿಸಿದರೆ, “ಸುಮ್ನಿರೇ ಗೋದಾ, ನಿನ್ ದಿಂಬಿಗೆ ಹತ್ತಿ ಕಮ್ಮಿ ಹಾಕಿಸ್ತೀನಿ” ಎಂದು ನಗುತ್ತಿದ್ದಳು.

ಜಿಗಿಹುಳುವಿಗೆ ಜಗ್ಗದ ಹತ್ತಿ ತಳಿ ಬೆಳೆಸುವುದು ಅವಳ ಕೆಲಸ. ಎಲೆಯ ಅಡಿಯಲ್ಲಿ ಕೂತು ರಸ ಹೀರಿ, ಎಲೆಯ ಅಂಚನ್ನು ಸುಟ್ಟಂತೆ ಮುದುಡಿಸುವ ಹುಳು ಅದು. ಅದನ್ನು ತಡೆಯುವ ಗುಣ ಸಸಿಗೆ ಬಂದಿದೆಯೇ ಎಂದು ತಿಳಿಯಲು ಗಿಡ ಬೆಳೆಯುವ ತನಕ ಕಾಯಬೇಕಿಲ್ಲ. ಎಳೆ ಎಲೆಯ ಚೂರನ್ನು ಅರೆದು, ಡಿಎನ್‌ಎ ತೆಗೆದು, ಆ ಗುಣದ ಜೊತೆಗೇ ಬರುವ ಒಂದು ಗುರುತನ್ನು ಹುಡುಕಿದರಾಯಿತು. ಮಾರ್ಕರ್ ಎನ್ನುವುದು ಅದಕ್ಕೇ. ಗುರುತಿದ್ದ ಸಸಿ ಉಳಿಯುತ್ತದೆ, ಇಲ್ಲದ್ದು ಗೊಬ್ಬರದ ಗುಂಡಿಗೆ ಹೋಗುತ್ತದೆ. ವರ್ಷಗಟ್ಟಲೆ ಹೀಗೆ ಆರಿಸಿ ಆರಿಸಿ ಅವಳು ಒಂದು ತಳಿಯನ್ನು ಕೊನೆಯ ಪರೀಕ್ಷೆಯವರೆಗೆ ತಂದಿದ್ದಳು.

ಆ ಪರೀಕ್ಷೆ ನಡೆಯಬೇಕಾದದ್ದು ಹೊಲದಲ್ಲಿ. ಯಲಹಂಕದ ಪುಟ್ಟೇನಹಳ್ಳಿ ಕಡೆ ಕಂಪನಿಯ ಜಮೀನಿದೆ. ಅಲ್ಲಿ ಹುಳು ಬರಲೆಂದೇ ಸುತ್ತಲೂ ಬೆಂಡೆ ಹಾಕಿಸಿದಳು, ಜಿಗಿಹುಳುವಿಗೆ ಬೆಂಡೆ ಅಂದರೆ ಪ್ರಾಣ. ನಡುವೆ ತನ್ನ ಹತ್ತಿ, ಅದರ ಪಕ್ಕದಲ್ಲೇ ಹೋಲಿಕೆಗೆಂದು ಹುಳುವಿಗೆ ಸುಲಭವಾಗಿ ತುತ್ತಾಗುವ ಹಳೆಯ ಹತ್ತಿಯ ಸಾಲುಗಳು. ಔಷಧಿಯ ಹನಿಯೂ ಬೀಳುವಂತಿಲ್ಲ. ಸೊಳ್ಳೆಯ ಮುಲಾಮು ಹಚ್ಚಿಕೊಂಡವರನ್ನೂ ಒಳಗೆ ಬಿಡುತ್ತಿರಲಿಲ್ಲ. “ನಮ್ಮನೆ ಅಳೀಂದ್ರಿಗೂ ಇಂಗ್ ಉಪಚಾರ ಮಾಡಿಲ್ಲ ಕಣಮ್ಮ” ಎಂದು ಜಮೀನು ನೋಡಿಕೊಳ್ಳುವ ಮುನಿಆಂಜಿನಪ್ಪ ತಮಾಷೆ ಮಾಡುತ್ತಿದ್ದ.

ಹುಳು ಹಿಂಡುಗಟ್ಟಿ ಬಂತು. ಎಲೆಗಳಿನ್ನೂ ಮುದುಡಿರಲಿಲ್ಲ; ಕೆಲವು ದಿನ ಬಿಟ್ಟು, ಯಾವ ಗಿಡದ ಎಲೆ ಎಷ್ಟು ಮುದುಡಿತೆಂದು ನೋಡಿ ಅಂಕ ಹಾಕುವುದೊಂದೇ ಬಾಕಿ ಎನ್ನುವಾಗ ಒಂದು ಬೆಳಿಗ್ಗೆ ಹೋಗಿ ನೋಡಿದರೆ, ಗೇಟಿನಲ್ಲೇ ಘಾಟು ಮೂಗಿಗೆ ಬಡಿಯಿತು. ಗಜಾಲಾ ಓಡಿದಳು. ಒಂದೊಂದೇ ಎಲೆ ಮಗುಚಿ ನೋಡಿದಳು. ಒಂದು ಹುಳುವೂ ಜೀವಂತವಿರಲಿಲ್ಲ.

“ಯಾರ್ರೀ ಹೊಡೆದಿದ್ದು?” ಎಂದು ನಾನು ಕಿರುಚಿದೆ.

“ಸಾಹೇಬ್ರು ಯೋಳುದ್ರು, ಒಡ್ದೆ. ನಾಳೆ ದೊಡ್ಡೋರು ಬತ್ತಾವ್ರಂತೆ” ಎಂದು ಮುನಿಆಂಜಿನಪ್ಪ ತಲೆ ತಗ್ಗಿಸಿದ.

ಸಾಹೇಬರೆಂದರೆ ನಮ್ಮ ಮ್ಯಾನೇಜರ್ ತ್ರಿವಿಕ್ರಮ. ಫೋನ್ ಮಾಡಿದರೆ ಆತ ಹೇಳಿದ್ದು ಕೇಳಿ: “ಕೀಟ ತಡೆಯೋ ತಳಿ ಅಂತೀವಿ, ಹೊಲದ ತುಂಬ ಕೀಟ ಇದ್ರೆ ಏನ್ ಇಮೇಜ್ ಕಣ್ರೀ? ಮಾರ್ಕರ್ ಇದೆ ತಾನೇ, ಅಷ್ಟು ಸಾಕು. ಈ ವರ್ಷಾನೇ ಬೀಜ ಮಾರ್ಕೆಟ್ಟಿಗೆ ಬಿಡ್ತೀವಿ ಅಂತ ನಾಳೆ ಅನೌನ್ಸ್ ಮಾಡ್ತಿದೀನಿ.”

ನನ್ನ ಮೈಯೆಲ್ಲ ಉರಿದುಹೋಯಿತು. ಥೂ, ಇಂಥವರಿಗೆಲ್ಲ ಯಾರಪ್ಪಾ ಕುರ್ಚಿ ಕೊಡುತ್ತಾರೆ! ಗಜಾಲಾ ಮಾತ್ರ ಫೋನಿನಲ್ಲಿ ಮೆಲ್ಲಗೆ, “ಸಾರ್, ಗುಣ ಗಿಡಕ್ಕೆ ಬಂದಿರಬೇಕು ಅಂತ ಮಾರ್ಕರ್ ಹೇಳುತ್ತೆ ಅಷ್ಟೆ. ಹೊಲದಲ್ಲಿ ಅದು ಸಾಕಾಗುತ್ತಾ ಇಲ್ವಾ ಅಂತ ಹುಳುವೇ ಹೇಳ್ಬೇಕು” ಎಂದಳು. ಆತ ಆಗಲೇ ಫೋನ್ ಇಟ್ಟಿದ್ದ.

ಮರುದಿನ ಕಾರುಗಳು ಬಂದವು. ಕಂಪನಿಗೆ ಬಂಡವಾಳ ಹಾಕಿದ ಹಿರಿಯರೊಬ್ಬರು ಸಾಲಿನಲ್ಲಿ ನಡೆದು ಬಂದು, ಒಂದು ಗಿಡದ ಎಲೆ ಕಿತ್ತು, “ವಾಹ್, ಏನ್ ಆರೋಗ್ಯವಾಗಿದೆ ನಿಮ್ಮ ತಳಿ!” ಎಂದರು. ತ್ರಿವಿಕ್ರಮ ಹಲ್ಲು ಕಿರಿದು, “ಎಲ್ಲಾ ನಮ್ಮ ಟೀಮಿನ ಶ್ರಮ ಸಾರ್” ಎಂದ.

ಅವರ ಕೈಯಲ್ಲಿದ್ದದ್ದು ಹಳೆಯ ಹತ್ತಿಯ ಎಲೆ! ನಾನು ಬಾಯಿ ತೆರೆಯುವಷ್ಟರಲ್ಲಿ ಗಜಾಲಾ ಮುಂದೆ ಬಂದಳು.

“ಅದು ನಮ್ಮ ತಳಿ ಅಲ್ಲ ಸಾರ್. ಹುಳು ಮೊದಲು ತಿನ್ನೋದೇ ಅದನ್ನ.”

“ಮತ್ತೆ ಇದ್ರಲ್ಲಿ ಹುಳು ಯಾಕಿಲ್ಲಮ್ಮಾ?”

“ನೀವು ಬರ್ತೀರ ಅಂತ ವಿಷ ಹೊಡೆಸಿದ್ದಾರೆ ಸಾರ್.”

ಹಿರಿಯರು ಎಲೆ ಬಿಸಾಡಿ ಕರವಸ್ತ್ರದಲ್ಲಿ ಕೈ ಒರೆಸಿಕೊಂಡರು. ತ್ರಿವಿಕ್ರಮನ ಮುಖ ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ, ಸುಳ್ಳೇಕೆ ಹೇಳಲಿ.

“ಹಾಗಾದ್ರೆ ನಿಮ್ಮ ತಳಿ ಹುಳು ತಡೆಯುತ್ತೋ ಇಲ್ವೋ?” ಎಂದು ಅವರು ಅವಳನ್ನೇ ಕೇಳಿದರು.

ತಡೆಯುತ್ತೆ ಎಂದಿದ್ದರೆ ಸಾಕಿತ್ತು. ಅಷ್ಟು ವರ್ಷದ ದುಡಿಮೆ ಬೀಜದ ಮೂಟೆಯಾಗಿ ಮಾರ್ಕೆಟ್ಟಿಗೆ ಹೊರಡುತ್ತಿತ್ತು, ಮೂಟೆಯ ಮೇಲೆ ಅವಳ ಹೆಸರೂ ಇರುತ್ತಿತ್ತು. ಅವಳು ತನ್ನ ಗಿಡಗಳ ಕಡೆ ಒಮ್ಮೆ ನೋಡಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ಗೊತ್ತಿಲ್ಲ ಸಾರ್. ಗೊತ್ತಾಗೋ ತನಕ ಈ ಬೀಜ ಯಾವ ರೈತರಿಗೂ ಕೊಡಬೇಡಿ.”