ಟೈಲರಕ್ಕನ ನಡುಮನೆಯ ಮೇಲೊಂದು ಗೆರೆ

ಟೈಲರಕ್ಕನ ಮನೆಗೆ ಎರಡು ಬಾಗಿಲು. ಮುಂದಿನದು ಶಾಲೆಯ ರಸ್ತೆಗೆ, ಹಿಂದಿನದು ಮಾರುಕಟ್ಟೆಯ ರಸ್ತೆಗೆ. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ನಡುಮನೆಯಲ್ಲಿ ಹೊಲಿಗೆ ಯಂತ್ರ ತುಳಿದು ಮಗಳನ್ನು ಓದಿಸಿದಳು, ಅತ್ತೆಯನ್ನು ಸಾಕಿದಳು. ಸುತ್ತಿಬಳಸಿ ಹೋಗಲು ಮೈಗಳ್ಳತನ ಮಾಡುವ ನಮ್ಮ ಬೀದಿಯವರೆಲ್ಲ "ಅಕ್ಕಾ, ಹೀಗೇ ಹೋಗ್ಬಿಡ್ತೀನಿ" ಎಂದು ಮುಂದಿನಿಂದ ನುಗ್ಗಿ ಹಿಂದಿನಿಂದ ಹೊರಬೀಳುತ್ತಿದ್ದರು. ಸೈಕಲ್ ತಳ್ಳಿಕೊಂಡು ಬಂದವರಿಗೆ ಅವಳೇ ಬಟ್ಟೆಯ ರಾಶಿ ಪಕ್ಕಕ್ಕೆಳೆದು ದಾರಿ ಬಿಡುತ್ತಿದ್ದಳು. ಬೇಡ ಅನ್ನುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ನಗರಸಭೆಯವರು ಕಾಲುದಾರಿ, ಸೈಕಲ್ ದಾರಿಗಳನ್ನು ಒಂದಕ್ಕೊಂದು ಜೋಡಿಸಲು ಹೊರಟು, ಮನೆಮನೆಗೆ ನಕ್ಷೆ ಹಂಚಿದರು. ದಿನಾ ಓಡಾಡುವ ದಾರಿಗೆ ಗೆರೆ ಎಳೆದು ಕೊಡಿ ಎಂದರು. ನಕ್ಷೆಯಲ್ಲಿ ರಸ್ತೆಗಳಿದ್ದವು, ಮನೆಗಳಿರಲಿಲ್ಲ. ಎಂಥ ಬುದ್ಧಿವಂತರು ನೋಡಿ!

ಕರಡು ಯೋಜನೆ ತೋರಿಸಲು ಶಾಲೆಯಲ್ಲಿ ಸಭೆ ಕರೆದರು. ಗೋಡೆಯ ಮೇಲಿನ ದೊಡ್ಡ ನಕ್ಷೆ ಕಂಡದ್ದೇ ಟೈಲರಕ್ಕ ಎದ್ದು ಅದರ ಹತ್ತಿರಕ್ಕೆ ಹೋದಳು. ಶಾಲೆಯಿಂದ ಮಾರುಕಟ್ಟೆಗೆ ಹೆಬ್ಬೆರಳು ದಪ್ಪದ ಹಸಿರು ಗೆರೆ, ಸರಿಯಾಗಿ ಅವಳ ನಡುಮನೆಯ ಮೇಲೆ.

"ಸಾರ್, ಇಲ್ಲಿ ನನ್ ಮನೆ ಇದೆ!"

ನಗರಸಭೆಯ ಎಂಜಿನಿಯರ್ ತಬ್ಬಿಬ್ಬಾದ. "ಮನೆನಾ? ಇನ್ನೂರ ಹನ್ನೆರಡು ಜನ ಇಲ್ಲೇ ಗೆರೆ ಎಳ್ದಿದಾರಮ್ಮ. ಯಾವುದೋ ಹಳೇ ಓಣಿ ಇರ್ಬೇಕು ಅಂದ್ಕೊಂಡ್ವಿ." ಕಾಗದದ ಕಟ್ಟು ಬಿಚ್ಚಿದ. "ಮೊದಲನೇದೇ ನೋಡಿ."

ಅದು ಅವಳದೇ. ಶಾಲೆಗೆ ಹೋಗಿ ಸಮವಸ್ತ್ರದ ಅಳತೆ ತಂದು, ಬಟ್ಟೆಗೆಂದು ಮಾರುಕಟ್ಟೆಗೆ ಹೋಗುವ ದಾರಿ. ಪೆನ್ನು ಎತ್ತದೆ ತನ್ನ ಮನೆಯೊಳಗಿಂದಲೇ ಎಳೆದುಬಿಟ್ಟಿದ್ದಳು! ಎರಡನೆಯದು ಅತ್ತೆಯ ನಡುಗುವ ಗೆರೆ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆನಲ್ಲ ಎಂದು ಟೈಲರಕ್ಕ ಹಣೆ ಚಚ್ಚಿಕೊಂಡಳು.

"ಗಾಬರಿಯಾಗ್ಬೇಡಿ," ಎಂದ ಎಂಜಿನಿಯರ್. "ಇದು ದಾರಿ ಅಲ್ಲ, ಇವರ ಮನೆ ಅಂತ ಇಲ್ಲಿರೋರು ಹೇಳ್ಲಿ. ಬರ್ಕೊಂಡು ಬದಲಾಯಿಸ್ತೀವಿ."

ಅವಳು ತಿರುಗಿ ನೋಡಿದಳು. ಎಲ್ಲ ಗೊತ್ತಿದ್ದ ಮುಖಗಳೇ, ಅರ್ಧ ಜನರ ಮೈಮೇಲೆ ಅವಳೇ ಹೊಲಿದ ಬಟ್ಟೆ. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಆ ದಾರಿ ತಪ್ಪಿದರೆ ಮುಕ್ಕಾಲು ಮೈಲಿ ಸುತ್ತಬೇಕಲ್ಲ! ಕೊನೆಗೆ ಎದುರುಮನೆಯ ಹೆಂಗಸು ಎದ್ದು ನಿಂತಾಗ ಟೈಲರಕ್ಕನಿಗೆ ಹೋದ ಜೀವ ಬಂದಂತಾಯಿತು.

"ದೇವರಾಣೆ ಸಾರ್," ಎಂದಳು ಆಕೆ, ಕಣ್ಣು ತುಂಬಿಕೊಂಡು. "ನಮ್ಮಕ್ಕನಂಥೋರು ಇನ್ನೊಬ್ರಿಲ್ಲ. ಇಷ್ಟು ವರ್ಷದಲ್ಲಿ ಒಂದ್ ದಿನಾನೂ ನಮಗೆ ಅದು ಬೇರೆಯವರ ಮನೆ ಅಂತ ಅನ್ನಿಸೇ ಇಲ್ಲ."

ಎಂಜಿನಿಯರ್ ಅದನ್ನೂ ಬರೆದುಕೊಂಡ.